ಐತವಾರದ ಹಸಿ ವಿಭೂತಿ

ಹೊಟ್ಟೆಕಿಚ್ಚು ನನ್ನ ಹುಟ್ಟುಗುಣ ಅಂತ ಅವ್ವ ಹೇಳುತ್ತಿದ್ದಳು. ಸುಳ್ಳಲ್ಲ. ಆದರೆ ಆ ಕಿಚ್ಚಿಗೆ ಎಣ್ಣೆ ಹೊಯ್ದದ್ದು ನಮ್ಮ ಅಣ್ಣನ ಸೈಕಲ್ಲು. ಅದನ್ನು ಮಾತ್ರ ಅವ್ವ ಯಾರ ಮುಂದೆಯೂ ಹೇಳಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಆಳಂದದಲ್ಲಿ ಅಪ್ಪನದು ತೊಗರಿ, ಜೋಳದ ವ್ಯಾಪಾರ. ನನಗೆ ಹದಿನೇಳು, ಅಣ್ಣನಿಗೆ ಹತ್ತೊಂಬತ್ತು. ಐತವಾರ ಮಧ್ಯಾಹ್ನದ ಊಟ ಮುಗಿಯಿತೋ ಇಲ್ಲವೋ, ಓಣಿಯ ತಿರುವಿನಲ್ಲಿ ಅವನ ಮೂವರು ಗೆಳೆಯರು ಸೈಕಲ್ ಗಂಟೆ ಬಾರಿಸುತ್ತಿದ್ದರು. ಇವನು ಕೈ ತೊಳೆದ ನೀರು ಒರೆಸಿಕೊಳ್ಳದೆಯೇ ಓಡುತ್ತಿದ್ದ. ಖಜೂರಿ ರಸ್ತೆ ಹಿಡಿದು ಹೋಗುವುದು, ದಾರಿಯಲ್ಲಿ ಬರುವ ದೊಡ್ಡ ದಿಬ್ಬವನ್ನು ಸೈಕಲ್ಲಿನಿಂದ ಇಳಿಯದೆ ಹತ್ತುವುದು, ಆಚೆ ಹಳ್ಳದ ದಂಡೆಯ ಬೇವಿನ ಗಿಡದ ಬುಡಕ್ಕೆ ಸೈಕಲ್ ಒರಗಿಸುವುದು. ಆ ಗಿಡದ ನೆರಳಲ್ಲೇ ಒಂದು ಶಿಂದಿ ಅಂಗಡಿ ಇತ್ತು. ಈಚಲ ಗಿಡದಿಂದ ಇಳಿಸಿದ ಶಿಂದಿಯನ್ನು ಒಬ್ಬ ಹೆಣ್ಣುಮಗಳು ಗಡಿಗೆಯಿಂದ ಗ್ಲಾಸಿಗೆ ಬಗ್ಗಿಸಿ ಕೊಡುತ್ತಿದ್ದಳು. ಜೊತೆಗೆ ಹುರಿದ ಶೇಂಗಾ, ಹಸಿ ಉಳ್ಳಾಗಡ್ಡಿ. ಇಳಿಯದೆ ದಿಬ್ಬ ಹತ್ತಿದವನಿಗೆ ಮೊದಲ ಗ್ಲಾಸು. ಇದಿಷ್ಟೂ ನನಗೆ ಬಾಯಿಪಾಠ. ನೋಡಿದ್ದು ಮಾತ್ರ ಒಂದೂ ಇಲ್ಲ.

ನಮ್ಮದು ಲಿಂಗ ಪೂಜೆ ಮಾಡದೆ ನೀರೂ ಮುಟ್ಟದ ಮನೆ. ಹಣೆಯ ಮೇಲೆ ವಿಭೂತಿ ಇಟ್ಟುಕೊಂಡು ಶಿಂದಿ ಗ್ಲಾಸು ಎತ್ತುವುದಕ್ಕೆ ಆ ನಾಲ್ಕು ಮಂದಿಗೂ ಧೈರ್ಯವಿರಲಿಲ್ಲ. ಹಾಗಾಗಿ ಬೇವಿನ ಗಿಡ ಮುಟ್ಟಿದ ಕೂಡಲೇ ಕರವಸ್ತ್ರದಿಂದ ಹಣೆ ಒರೆಸಿಕೊಳ್ಳುತ್ತಿದ್ದರು. ಕುಡಿದು, ಹಳ್ಳದಲ್ಲಿ ಬಾಯಿ ಮುಕ್ಕಳಿಸಿ, ಏಲಕ್ಕಿ ಅಗಿದು, ವಾಪಸು ಓಣಿಯ ತಿರುವಿಗೆ ಬಂದಾಗ ಜೇಬಿನಿಂದ ವಿಭೂತಿ ಗಟ್ಟಿ ತೆಗೆದು ಮೂರು ಬೆರಳಲ್ಲಿ ಹೊಸದಾಗಿ ಬಳಿದುಕೊಂಡು ಮನೆಗೆ. ಆಹಾ, ಏನು ಶಾಣ್ಯಾತನ! ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಮುಂಜಾನೆ ಪೂಜೆಗೆ ಹಚ್ಚಿದ ವಿಭೂತಿ ಬಿಸಿಲಲ್ಲಿ ಅಷ್ಟು ದೂರ ಸೈಕಲ್ ತುಳಿದ ಮೇಲೆ ಬೆವರಿಗೆ ಕರಗಿ ಹೋಗಬೇಕೋ ಬೇಡವೋ? ಅಂಗಿ ಬೆನ್ನಿಗೆ ಅಂಟಿರುತ್ತಿತ್ತು, ಕಾಲಿಗೆ ಕರಿಮಣ್ಣಿನ ಧೂಳು, ಹಣೆ ಮಾತ್ರ ಆಗತಾನೆ ಪೂಜೆಯಿಂದ ಎದ್ದು ಬಂದವನದು. ನನ್ನ ಹಣೆಯ ವಿಭೂತಿ ಒಲೆಯ ಮುಂದೆ ಕುಂತ ಅರ್ಧ ತಾಸಿಗೇ ಅಳಿಸುತ್ತಿತ್ತು, ಹಾಗಾಗಿ ನನಗೆ ಮೊದಲ ವಾರವೇ ಗೊತ್ತಾಯಿತು.

ಬಾಗಿಲ ಪಕ್ಕ ಕಾಲು ತೊಳೆಯುವ ನೀರಿನ ಹಂಡೆ ಇರುತ್ತಿತ್ತು. ದಾವಣಿಯ ಸೆರಗು ಅದರಲ್ಲಿ ಅದ್ದಿ ಅವನ ಹಣೆಯನ್ನು ಅರೆಬರೆ ಒರೆಸಿದೆ.

"ಏ, ಏನ್ ಮಾಡಾಕತ್ತಿ?"

"ಸುಮ್ನಿರು. ಹಸಿ ಅದ. ಅಪ್ಪ ಪಡಸಾಲ್ಯಾಗ ಕುಂತಾನ."

ಅವನ ಮುಖ ನೋಡಬೇಕಿತ್ತು ಆಗ! ಮರುದಿನವೇ ಕರಾರು ಆಯಿತು. ಪ್ರತಿ ಐತವಾರ ನಾನು ಹಣೆ ಒರೆಸುವುದು. ಬದಲಿಗೆ ಅವನು ಅಲ್ಲಿ ಆದದ್ದನ್ನೆಲ್ಲ ಹೇಳುವುದು, ಮತ್ತು ಸೋಮವಾರ ಅಪ್ಪ ತನ್ನ ಧಾನ್ಯದ ಅಡತಿ ಅಂಗಡಿಗೆ ಹೋದ ಮೇಲೆ ಹಿಂದಿನ ಕಣದಲ್ಲಿ ನನಗೆ ಸೈಕಲ್ ಕೊಡುವುದು.

ಅಡ್ಡಪಟ್ಟಿಯ ಸೈಕಲ್ಲು ಅದು. ಪಟ್ಟಿಯ ಕೆಳಗಿಂದ ಕಾಲು ತೂರಿಸಿ, ಸೊಟ್ಟಗೆ ನಿಂತು, ಅರ್ಧರ್ಧ ಪೆಡಲು ತುಳಿಯುತ್ತ ಕಲಿತೆ. ಮೊಣಕಾಲಿನ ಚರ್ಮ ಕಿತ್ತು ಬಂತು. ಬಾವಿಕಟ್ಟೆಯ ಮೇಲೆ ಜಾರಿ ಬಿದ್ದೆ ಅಂತ ಅವ್ವನಿಗೆ ಹೇಳಿದೆ. ದಸರೆ ಬರುವಷ್ಟರಲ್ಲಿ ಕಣದ ಸುತ್ತ ಹತ್ತು ಸುತ್ತು ಇಳಿಯದೆ ಹೊಡೆಯುತ್ತಿದ್ದೆ. ಖರೇ ಹೇಳುತ್ತೇನೆ, ಸೈಕಲ್ ಓಲಾಡದಂತೆ ಹಿಡಿಯುವ ತೋಲು ಅಣ್ಣನಿಗಿಂತ ನನ್ನದೇ ಚೆನ್ನಾಗಿತ್ತು. ಅವನಿಗೂ ಗೊತ್ತಿತ್ತು. ಆದರೆ ಕಣದ ಸುತ್ತ ಎಷ್ಟು ತಿರುಗಿದರೂ ಕಣವೇ. ನನಗೆ ಆ ದಿಬ್ಬ ಬೇಕಾಗಿತ್ತು. ಶಿಂದಿ ಬೇಡ, ಶೇಂಗಾ ಬೇಡ. ದಿಬ್ಬದ ಮೇಲೆ ನಿಂತರೆ ಆ ಕಡೆ ಮಹಾರಾಷ್ಟ್ರದ ಹೊಲಗಳು ಕಾಣುತ್ತವೆ ಅಂತ ಅವನು ಹೇಳಿದ್ದ. ಅದನ್ನು ಒಮ್ಮೆ ನೋಡಿ ಬೇವಿನ ಗಿಡ ಮುಟ್ಟಿ ಬಂದರೆ ಸಾಕು.

"ಒಂದ್ಸಲ ಕರ್ಕೊಂಡು ಹೋಗೋ ಅಣ್ಣಾ."

"ಹುಚ್ಚಿ ಏನಬೇ? ಹೆಣ್ಣುಮಕ್ಕಳು ಅಲ್ಲಿಗೆ ಬರ್ತಾರೇನು?"

"ನಾ ರೋಡಿನ ಮ್ಯಾಲೇ ನಿಂದರ್ತೇನಿ."

"ಉಗಾದಿ ಆಗ್ಲಿ, ನೋಡೂನು."

ಉಗಾದಿ ಆಯಿತು. ಬೇವು ಬೆಲ್ಲ ತಿಂದು ಮೂರನೆಯ ಐತವಾರ ಅವನು ಮನೆಗೆ ಬಂದಾಗ ಮುಖ ಅರಳಿತ್ತು. ನಾನು ಎಂದಿನಂತೆ ಸೆರಗು ಅದ್ದಿಕೊಂಡು ನಿಂತಿದ್ದೆ.

"ಇವತ್ತ ಮಸ್ತ್ ಆತು ನೋಡು. ನಮ್ಮ ಜೋಡಿ ಬರೋ ಅಫಜಲಪುರದಾಂವ ಇದ್ದಾನಲ್ಲ, ಹೊಸಾ ಹೆಂಡ್ತಿನ್ನ ಕರ್ಕೊಂಡು ಬಂದಿದ್ದ. ಸೊಲ್ಲಾಪುರದಾಕಿ. ಎಷ್ಟ್ ಛಂದ ಸೈಕಲ್ ಹೊಡಿತಾಳ ಅಂತೀ! ದಿಬ್ಬ ಇಳೀದನೇ ಹತ್ತಿದ್ಳು. ಮೊದಲ್ನೇ ಗ್ಲಾಸು ಆಕಿಗೇ ಕೊಟ್ವಿ. ಆಕಿ ನಕ್ಕು ಬ್ಯಾಡಂದ್ಳು, ಒಂದ್ ಚಾ ತರಿಸಿದ್ವಿ."

ಹೆಣ್ಣುಮಕ್ಕಳು ಬರುವುದಿಲ್ಲವಂತೆ! ಬಂದಿದ್ದಳಲ್ಲ! ಯಾರೋ ಗೆಳೆಯನ ಹೆಂಡತಿ, ನಿನ್ನೆ ಮೊನ್ನೆ ಬಂದವಳು, ನನ್ನ ದಿಬ್ಬ ಹತ್ತಿ, ನನ್ನ ಬೇವಿನ ಗಿಡದ ನೆರಳಲ್ಲಿ ಕುಂತು ಚಾ ಕುಡಿದು ಹೋದಳು. ಅವಳ ಮುಖ ನಾನು ಇಂದಿಗೂ ನೋಡಿಲ್ಲ. ಆದರೂ ಅವಳ ಮೇಲೆ ಉರಿದಷ್ಟು ಜನ್ಮದಲ್ಲಿ ಯಾರ ಮೇಲೂ ಉರಿದಿಲ್ಲ. ಅಣ್ಣ ಹಣೆ ಮುಂದೆ ಚಾಚಿಕೊಂಡು ನಿಂತಿದ್ದ. ನಾನು ಸೆರಗು ಹಿಂಡಿದೆ.

"ಒರಸು, ಜಲ್ದಿ," ಅಂದ.

"ಸೊಲ್ಲಾಪುರದಾಕಿ ಕಡೆ ಒರಸ್ಕೋ ಹೋಗು," ಅಂದವಳೇ ಪಡಸಾಲೆಗೆ ನಡೆದೆ. "ಅಪ್ಪಾ, ಅಣ್ಣನ ಹಣಿ ನೋಡ್ರಿ. ಇಬತ್ತಿ ಹಸಿ ಅದ. ಶಿಂದಿ ಕುಡದು ಹೊಸದಾಗಿ ಹಚ್ಕೊಂಡು ಬಂದಾನ. ಪ್ರತಿ ಐತವಾರ ಇದೇ."

ಅಪ್ಪ ದಿಂಬಿಗೆ ಒರಗಿ ಕುಂತಿದ್ದ. ಬಾಗಿಲಲ್ಲಿ ನಿಂತ ಅಣ್ಣನ ಹಣೆ ನೋಡಿದ. ಎದ್ದು ಬಾರಿಸುತ್ತಾನೆ, ಸೈಕಲ್ಲಿಗೆ ಬೀಗ ಬೀಳುತ್ತದೆ, ನನ್ನ ಹೊಟ್ಟೆ ತಣ್ಣಗಾಗುತ್ತದೆ ಅಂತ ನಾನು ಕಾದೆ.

"ವರ್ಷ ಆತು ನಾನೂ ನೋಡಾಕತ್ತು," ಅಂದ ಅಪ್ಪ. "ಗಂಡುಹುಡುಗ, ವಾರಕ್ಕೊಮ್ಮಿ. ಹೋಗು, ಕೈಕಾಲು ತೊಳ್ಕೋ." ಅಷ್ಟೇ ಅಣ್ಣನಿಗೆ. ಆಮೇಲೆ ನನ್ನ ಕಡೆ ತಿರುಗಿದ. "ನೀ ಹೇಳು. ವರ್ಷಗಟ್ಲೆ ಗೊತ್ತಿದ್ದು ಇವತ್ತ ಯಾಕ ಹೇಳಿದಿ?"

ಸುಮ್ಮನಿರಬೇಕಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಸಿಟ್ಟು ಬಂದರೆ ನನ್ನ ಬಾಯಿಗೆ ಬಾಗಿಲೇ ಇಲ್ಲ.

"ನಾನ ಒರಸ್ತಿದ್ದೆ. ಇಂವ ಸೈಕಲ್ ಕೊಡ್ತಿದ್ದ, ಅದಕ. ನನಗೂ ಹೊಡ್ಯಾಕ ಬರ್ತದ. ಇಂವಗಿಂತ ಛಲೋ ಹೊಡಿತೇನಿ!"

ಅಪ್ಪನ ಮುಖ ಆಗ ಕೆಂಪಾಯಿತು. ಶಿಂದಿಗೆ ಆಗದ್ದು ಸೈಕಲ್ಲಿಗೆ ಆಯಿತು. ಮರುದಿನದಿಂದ ಕಣದ ಬಾಗಿಲಿಗೆ ಬೀಗ. ಅಣ್ಣ ಐತವಾರ ಹೋಗುವುದನ್ನು ಬಿಡಲಿಲ್ಲ. ಇನ್ನು ಮುಚ್ಚಿಡುವುದೂ ಇರಲಿಲ್ಲ. ನನಗೆ ಮಾತ್ರ ಏನನ್ನೂ ಹೇಳುವುದನ್ನು ಬಿಟ್ಟ. ದಿಬ್ಬ ಯಾರು ಹತ್ತಿದರು, ಯಾರು ಇಳಿದು ತಳ್ಳಿದರು, ಒಂದೂ ಇಲ್ಲ. ನನ್ನ ಕೈಯಾರೆ ನನ್ನ ಐತವಾರಗಳನ್ನು ಕಳೆದುಕೊಂಡೆ. ಅದೇ ವರ್ಷ ಶ್ರಾವಣ ಮುಗಿಯುತ್ತಲೇ ಜೇವರ್ಗಿಗೆ ನನ್ನನ್ನು ಕೊಟ್ಟರು.

ಜೇವರ್ಗಿಯಲ್ಲಿ ಬಾಳು ಚೆನ್ನಾಗಿಯೇ ಹೋಯಿತು. ಗಂಡ ಒಳ್ಳೆಯವನು, ಎರಡು ಮಕ್ಕಳು. ಆದರೆ ಬಸ್ಸಿನ ಕಿಟಕಿಯಿಂದ ಯಾರಾದರೂ ಸೈಕಲ್ ತುಳಿಯುವುದು ಕಂಡರೆ ಮುಖ ತಿರುಗಿಸುತ್ತಿದ್ದೆ. ತವರಿಗೆ ಹೋದಾಗ ಅಣ್ಣನ ಜೊತೆ ಮಾತು ಊಟದ್ದು, ಮಳೆಯದು, ಅಷ್ಟೇ.

ತೊಂಬತ್ತರ ದಶಕದ ನಡುವೆ ಒಮ್ಮೆ ಹೋದಾಗ ಅಂಗಳದಲ್ಲಿ ಅಡ್ಡಪಟ್ಟಿ ಇಲ್ಲದ ಹೊಸ ಸೈಕಲ್ ನಿಂತಿತ್ತು. ಅಣ್ಣನ ಮಗಳದು, ಹೈಸ್ಕೂಲಿಗೆ ಹೋಗಲಿಕ್ಕೆ. ಕೊಡಿಸಿದವರು ಯಾರು? ಅಪ್ಪ! ಅದೇ ಅಪ್ಪ! "ಕಾಲ ಬದಲಾಗೇದವ್ವಾ," ಅಂದ, ನನ್ನ ಮುಖ ನೋಡದೆ. ನನ್ನ ಅಣ್ಣನ ಮಗಳು, ನಾನೇ ಎತ್ತಿ ಆಡಿಸಿದ ಕೂಸು. ಅದರ ಮೇಲೂ ನನಗೆ ಹೊಟ್ಟೆ ಉರಿಯಿತು. ನಾಚಿಕೆಯಾಗಬೇಕು ನನಗೆ. ಆಯಿತು ಕೂಡ. ಆದರೆ ಉರಿ ಮೊದಲು ಬಂತು.

ಅವತ್ತು ಐತವಾರ. ಅಣ್ಣ ಜಗಲಿಯ ಮೇಲೆ ಕಾಲು ಚಾಚಿ ಕುಂತಿದ್ದ. ಮೂವತ್ತೈದಕ್ಕೇ ಸಕ್ಕರೆ ಕಾಯಿಲೆ, ಪಾದದಲ್ಲಿ ಮಾಯದ ಗಾಯ. ಶಿಂದಿ ಬಿಟ್ಟು, ಸೈಕಲ್ ಬಿಟ್ಟು ಮೂರು ವರ್ಷವಾಗಿತ್ತು. ಊಟ ಮುಗಿಸಿ ಅಪ್ಪ ಮಲಗಿದ್ದ. ನಾನು ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಗಿಸಿ ಸೈಕಲ್ಲಿನ ಸ್ಟ್ಯಾಂಡ್ ಒದ್ದೆ.

"ಎಲ್ಲಿಗೆ?" ಅಂದ ಅಣ್ಣ.

"ಖಜೂರಿ ರೋಡಿಗೆ."

ಅವನು ಬೇಡ ಅನ್ನಲಿಲ್ಲ. "ಹಿಂದಿನ ಗಾಲ್ಯಾಗ ಗಾಳಿ ಕಮ್ಮಿ ಅದ ನೋಡು," ಅಂದ.

ಮೊದಲ ಮೈಲಿಗೇ ತೊಡೆ ನಡುಗಿತು. ಎದುರು ಬಂದ ಲಾರಿಯವರು ಹಾರ್ನ್ ಹೊಡೆದು ನಕ್ಕರು. ದಿಬ್ಬದ ಅರ್ಧಕ್ಕೆ ಉಸಿರು ಕಟ್ಟಿ ಇಳಿದು ತಳ್ಳಿದೆ. ಯಾರೂ ನೋಡುತ್ತಿರಲಿಲ್ಲ, ಆದರೂ ಆ ಸೊಲ್ಲಾಪುರದವಳು ಮೇಲೆ ನಿಂತು ನೋಡುತ್ತಿದ್ದಾಳೆ ಅನ್ನಿಸಿ ಬೈದುಕೊಂಡೆ. ಮೇಲೆ ಹತ್ತಿದರೆ ಹೊಲಗಳು. ಆಳಂದದ ಹೊಲದಂಥವೇ ಹೊಲ. ತೊಗರಿ, ಕರಿಮಣ್ಣು. ಬಹಳ ಹೊತ್ತು ನಿಂತು ನೋಡಿದೆ.

ಹಳ್ಳದ ದಂಡೆಯಲ್ಲಿ ಅಂಗಡಿ ಇತ್ತು, ತಗಡು ಹೊದಿಸಿದ್ದರು. ಬೇವಿನ ಗಿಡ ಇರಲಿಲ್ಲ. ಬುಡ ಮಾತ್ರ ಉಳಿದಿತ್ತು, ಅದರ ಮೇಲೆ ಗಡಿಗೆ ಇಟ್ಟಿದ್ದರು. ನಾನು ಬುಡವನ್ನೇ ಮುಟ್ಟಿದೆ.

"ಕುಂದರ್ರಿ ಅಕ್ಕೋರೆ. ಚಾ ಬೇಕೇನ್ರಿ?" ಅಂದಳು ಅಂಗಡಿಯ ಮುದುಕಿ. ಅಣ್ಣ ಹೇಳುತ್ತಿದ್ದ ಹೆಣ್ಣುಮಗಳು ಇವಳೇ ಇರಬೇಕು.

"ಚಾ ಬ್ಯಾಡ," ಅಂದೆ. ಸೆರಗಿನಿಂದ ಹಣೆಯ ವಿಭೂತಿ ಒರೆಸಿಕೊಂಡೆ. ಕುಂಕುಮ ಉಳಿಸಿಕೊಂಡೆ. ಅರ್ಧ ಗ್ಲಾಸು ಕುಡಿದೆ. ಹುಳಿ, ಒಂದಿಷ್ಟು ನಾತ. ಇಷ್ಟಕ್ಕೆ ಇವರು ಇಷ್ಟು ಹಾರಾಡುತ್ತಿದ್ದರೇ? ಮತ್ತೆ ಅರ್ಧ ಗ್ಲಾಸು ಕುಡಿದೆ. ಹಳ್ಳದಲ್ಲಿ ಬಾಯಿ ತೊಳೆದು ಹೊರಟೆ.

ದೀಪ ಹಚ್ಚುವ ಹೊತ್ತಿಗೆ ಓಣಿಯ ತಿರುವು ಮುಟ್ಟಿ, ಚೀಲದಲ್ಲಿದ್ದ ಗಟ್ಟಿಯಿಂದ ವಿಭೂತಿ ಹಚ್ಚಿಕೊಂಡೆ. ಅಪ್ಪ ಎದ್ದು ಪಡಸಾಲೆಯಲ್ಲಿ ಕುಂತಿದ್ದ. ಎಪ್ಪತ್ತರ ಹತ್ತಿರವಾದರೂ ಕಣ್ಣು ಮಂಜಾಗಿರಲಿಲ್ಲ. ನಾನು ಹೊಸ್ತಿಲು ದಾಟುವಷ್ಟರಲ್ಲಿ ಅಣ್ಣ ಕುಂಟುತ್ತ ಬಂದು ಅಡ್ಡ ನಿಂತ. ಹೆಗಲ ಮೇಲಿನ ಟವೆಲ್ಲಿನ ತುದಿಯನ್ನು ಹಂಡೆಯಲ್ಲಿ ಅದ್ದಿ ನನ್ನ ಹಣೆಗೆ ಒತ್ತಿದ.

"ಹಸಿ ಅದ ಬೇ, ಹಸಿ," ಅಂದ ಮೆಲ್ಲಗೆ.

ಈ ತಪ್ಪನ್ನು ಜಗತ್ತಿನಲ್ಲಿ ಎಲ್ಲರಿಗಿಂತ ಮೊದಲು ಕಂಡುಹಿಡಿದವಳು ನಾನು. ನಾನೇ ಮಾಡಿಕೊಂಡು ಬಂದಿದ್ದೆ. ನಗು ತಡೆಯಲಿಕ್ಕಾಗಲಿಲ್ಲ. ಅಣ್ಣ ನಗಲಿಲ್ಲ. ಟವೆಲ್ ಹಿಡಿದುಕೊಂಡೇ ನಿಂತಿದ್ದ.

"ಇನ್ನ ಹೇಳು," ಅಂದ. "ಮೊದಲಿಂದ ಹೇಳು. ದಿಬ್ಬ ಹತ್ತಿದ್ಯೋ, ಇಳಿದು ತಳ್ಳಿದ್ಯೋ? ಮುದುಕಿ ಇನ್ನಾ ಅದಾಳೇನು? ಶೇಂಗಾ ಕೊಟ್ಳಾ?"

ಅವನ ಕಣ್ಣಲ್ಲಿ ಇದ್ದದ್ದು ನನಗೆ ಹೊಸದಲ್ಲ. ಅದೇ ಹಂಡೆಯ ಪಕ್ಕ, ಒದ್ದೆ ಸೆರಗು ಹಿಡಿದು, ನಾನು ಒಂದು ವರ್ಷ ಹಾಗೆಯೇ ನಿಂತಿದ್ದೆ. ಕಾಲು ತೊಳೆಯುತ್ತ ಎಲ್ಲ ಹೇಳಿದೆ. ಲಾರಿಯವರು ನಕ್ಕದ್ದು, ಅರ್ಧ ದಿಬ್ಬಕ್ಕೆ ಉಸಿರು ಕಟ್ಟಿದ್ದು, ಹುಳಿ ಶಿಂದಿ, ಒಂದನ್ನೂ ಬಿಡಲಿಲ್ಲ.

"ಬೇವಿನ ಗಿಡ?" ಅಂದ.

"ಅದ," ಅಂದೆ. "ಅದಕ್ಕೇ ಒರಗಿಸಿದ್ದೆ ಸೈಕಲ್ಲು."