ಹಾಳೆಯ ಹಿಂಬದಿಯಲ್ಲಿ ಉಳಿದ ಮೂರು

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ, ಕ್ಯಾಲಿಫೋರ್ನಿಯಾದ ಓಕ್ಲ್ಯಾಂಡಿನ ವಕೀಲರ ಕಚೇರಿಯೊಂದರಲ್ಲಿ, ಸ್ನೇಹಲತಾ ಕನ್ನಡಕ ತೆಗೆದು ಸ್ವೆಟರಿನ ತುದಿಯಲ್ಲಿ ಒರೆಸಿಕೊಂಡು, ಕಂಪ್ಯೂಟರಿನ ಪರದೆಯ ಮೇಲಿದ್ದ 8 ಅಂಕಿಯನ್ನು ಮತ್ತೊಮ್ಮೆ ನೋಡಿದರು. ಬಲಗಡೆಯ ಸುತ್ತು ಸಲೀಸಾಗಿತ್ತು. ಎಡಗಡೆಯದು ದಪ್ಪವಾಗಿ, ಆಮೇಲೆ ಬಂದು ಸೇರಿಕೊಂಡಂತಿತ್ತು.

ಮೂರು ವಾರಗಳ ಹಿಂದೆ ಅದನ್ನು 8 ಎಂದೇ ಟೈಪು ಮಾಡಿದ್ದವರು ಅವರೇ. ಅಂದಿನಿಂದ ಅದು ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನಂತೆ ಕಾಡುತ್ತಿತ್ತು.

ಸ್ನೇಹಲತಾ ಅವರಿಗೆ ಈಗ ಅರವತ್ತೆರಡು. ಮಂಗಳೂರಿನಲ್ಲಿ ಹತ್ತೊಂಬತ್ತು ವರ್ಷ ಔಷಧದ ಅಂಗಡಿಯ ಕೌಂಟರಿನಲ್ಲಿ ನಿಂತವರು. ಓಕ್ಲ್ಯಾಂಡಿಗೆ ಹತ್ತಿರದ ಡ್ಯಾನ್‌ವಿಲ್‌ಗೆ ಬಂದ ಮೇಲೆ ಮಕ್ಕಳನ್ನು ಬೆಳೆಸುವುದರಲ್ಲಿ ಕಾಲ ಕಳೆಯಿತು. ಡಾಕ್ಟರುಗಳ ಎಂಥ ಗೀಚನ್ನೂ ಓದಬಲ್ಲರು ಎಂದು ಪರಿಚಯದವರೊಬ್ಬರು ಹೇಳಿದ್ದರಿಂದಲೇ ಈ ಕೆಲಸ ಸಿಕ್ಕಿತ್ತು. ಮೂವತ್ತು ವರ್ಷಗಳ ಹಿಂದೆ ಸರ್ಕಾರಿ ವಕೀಲರು ಜ್ಯೂರಿಯನ್ನು, ಅಂದರೆ ತೀರ್ಪು ಕೊಡುವ ನಾಗರಿಕರ ಮಂಡಳಿಯನ್ನು, ಆರಿಸುವಾಗ ಕೈಯಲ್ಲಿ ಬರೆದುಕೊಂಡಿದ್ದ ಟಿಪ್ಪಣಿಗಳನ್ನು ಓದಿ ಟೈಪು ಮಾಡುವುದು. “ಅಲ್ಲಿ ಡಾಕ್ಟರುಗಳ ಗೀಚು, ಇಲ್ಲಿ ವಕೀಲರ ಗೀಚು, ನಿನ್ನ ಗ್ರಹಚಾರ,” ಎಂದು ಗಂಡ ಜಯರಾಜ್ ದಿನವೂ ಬಾರ್ಟ್ ರೈಲಿನ ಸ್ಟೇಷನ್ನಿಗೆ ಬಿಡುವಾಗ ಕಾಲೆಳೆಯುತ್ತಾರೆ.

ಈ ಟಿಪ್ಪಣಿಗಳು ಡೆಲ್ರಾಯ್ ಪಿಂಕ್ನಿ ಎಂಬ ಕಪ್ಪು ವ್ಯಕ್ತಿಯ ಮೊಕದ್ದಮೆಯವು. ಇಪ್ಪತ್ತೇಳನೆಯ ವಯಸ್ಸಿನಲ್ಲಿ ಆತ ಅಂಗಡಿಯವರೊಬ್ಬರನ್ನು ಗುಂಡಿಟ್ಟು ಕೊಂದ. ಅದನ್ನು ಆತನೂ ಅಲ್ಲಗಳೆಯುವುದಿಲ್ಲ. ಮರಣದಂಡನೆ ಆಯಿತು. ಕ್ಯಾಲಿಫೋರ್ನಿಯಾದಲ್ಲಿ 2006ರ ನಂತರ ಯಾರ ಮರಣದಂಡನೆಯೂ ಜಾರಿಯಾಗಿಲ್ಲ, 2019ರಿಂದ ಗವರ್ನರ್ ಆದೇಶದ ತಡೆಯೂ ಇದೆ. ಆದರೆ ಶಿಕ್ಷೆ ಕಾನೂನಿನಲ್ಲಿ ಹಾಗೇ ಉಳಿದಿದೆ, ಮುಂದೆ ಬರುವ ಗವರ್ನರ್ ತಡೆ ತೆಗೆದುಹಾಕಬಹುದು. ಪಿಂಕ್ನಿಗೆ ಈಗ ಅರವತ್ತು. ಆತನಿಗೆ ಉಳಿದಿದ್ದ ದಾರಿ ಒಂದೇ. 2020ರಲ್ಲಿ ರಾಜ್ಯವು ತಂದ ಹೊಸ ಕಾನೂನಿನ ಪ್ರಕಾರ, ವಿಚಾರಣೆಯಲ್ಲಿ ಜನಾಂಗಭೇದ ನುಸುಳಿತ್ತೆಂದು ಸಾಬೀತಾದರೆ ಮರಣದಂಡನೆ ರದ್ದಾಗುತ್ತದೆ. ಹಳೆಯ ಪ್ರಕರಣಗಳಿಗೂ ಅದು ಅನ್ವಯಿಸುತ್ತದೆ.

ಪುರಾವೆ ಕೊಡಲು ನ್ಯಾಯಾಧೀಶರು ಇಟ್ಟಿದ್ದ ಕೊನೆಯ ಗಡುವು ಅಂದು ಸಂಜೆ ಐದು ಗಂಟೆ.

ಪಿಂಕ್ನಿಯ ಪರವಾಗಿ ಪ್ರಕರಣ ನಡೆಸುತ್ತಿದ್ದ ಮೈಥಿಲಿ ಕಾಫಿ ಲೋಟ ಹಿಡಿದು ಬಂದಳು. ಇಲ್ಲೇ ಸನ್ನಿವೇಲ್‌ನಲ್ಲಿ ಹುಟ್ಟಿ ಬೆಳೆದ, ಮೂವತ್ತೈದರ ವಕೀಲೆ. ಅಪ್ಪ ಅಮ್ಮ ಮೈಸೂರಿನವರು.

“ಆಂಟಿ, ಪ್ಲೀಸ್, ಆ ಎಂಟನ್ನ ಬಿಟ್ಬಿಡಿ. ಫೈಲಿಂಗು ಇವತ್ತು.”

“ಇದು ಹುಟ್ಟಿದ ಎಂಟಲ್ಲ ಮಾರಾಯ್ತಿ. ಮಾಡಿದ ಎಂಟು.”

ಮೈಥಿಲಿ ಲೋಟ ಕೆಳಗಿಟ್ಟಳು.

ಜ್ಯೂರಿಯ ಆಯ್ಕೆಗೆ ಬಂದ ಎಪ್ಪತ್ತು ಮಂದಿಗೂ ಸರ್ಕಾರಿ ವಕೀಲರು ಒಂದರಿಂದ ಹತ್ತರವರೆಗೆ ಅಂಕ ಕೊಟ್ಟಿದ್ದರು. ಒಂದು ಎಂದರೆ ಇಟ್ಟುಕೊಳ್ಳಬೇಕಾದವರು, ಹತ್ತು ಎಂದರೆ ಬೇಡವೇ ಬೇಡ. ಮೂವರು ಕಪ್ಪು ಮಹಿಳೆಯರಿಗೆ 8 ಬಿದ್ದಿತ್ತು, ಮೂವರನ್ನೂ ಹೊರಗಿಟ್ಟಿದ್ದರು. ಅವರ ಹೆಸರಿನ ಪಕ್ಕ ಅವರ ಜನಾಂಗ ಸೂಚಿಸುವ ಒಂದು ಅಕ್ಷರವೂ ಇತ್ತು. ಆ ಅಕ್ಷರ ಬರೀ ದಾಖಲೆಗೆ ಬರೆದದ್ದು, ತಿರಸ್ಕರಿಸಿದ್ದು ಅವರ ಉತ್ತರಗಳಿಗೆ ಬಿದ್ದ ಅಂಕದ ಮೇಲೆ ಎಂಬುದು ಸರ್ಕಾರದ ವಾದ.

“ನಮ್ಮಲ್ಲಿ ನಿದ್ರೆ ಮಾತ್ರೆಗೆ ಬರುವವರು ಇದನ್ನೇ ಮಾಡುವುದು,” ಎಂದರು ಸ್ನೇಹಲತಾ. “ಡಾಕ್ಟರು ಮೂರು ಅಂತ ಬರೆದಿರ್ತಾರೆ. ಗೇಟು ದಾಟುವುದರೊಳಗೆ ಅದು ಎಂಟು ಆಗಿರ್ತದೆ. ಈ ಮೂವರು ಹೆಂಗಸರದ್ದೂ ಹೀಗೇ ಉಂಟು. ಬೇರೆ ಯಾರದ್ದೂ ಇಲ್ಲ.”

“ಸ್ಕ್ಯಾನು ಬ್ಲ್ಯಾಕ್ ಆಂಡ್ ವೈಟು ಆಂಟಿ. ಇದನ್ನ ತಗೊಂಡ್ಹೋದ್ರೆ ಜಡ್ಜು ನಗ್ತಾರೆ.”

“ಹಾಗಾದ್ರೆ ಮೂಲ ಹಾಳೆ ನೋಡುವ. ಎಲ್ಲುಂಟು ಅದು?”

ಮೂಲ ಹಾಳೆಗಳು ಪಕ್ಕದ ಜಿಲ್ಲೆಯ ಸರ್ಕಾರಿ ವಕೀಲರ ಕಚೇರಿಯ ದಾಖಲೆ ಕೋಣೆಯಲ್ಲಿದ್ದವು. ನೋಡಲು ನ್ಯಾಯಾಲಯದ ಅನುಮತಿ ಮೊದಲೇ ಸಿಕ್ಕಿತ್ತು. ಸ್ಕ್ಯಾನ್ ಕೈಯಲ್ಲಿರುವಾಗ ಮತ್ತೇಕೆ ಎಂದು ಯಾರೂ ಹೋಗಿರಲಿಲ್ಲ. ಮೈಥಿಲಿ ನಾಲ್ಕು ಫೋನು ಮಾಡಿದಳು. ಒಂದೂವರೆಗೆ ಅರ್ಧ ಗಂಟೆ ಕೊಟ್ಟರು.

ಇಬ್ಬರೂ ಮೈಥಿಲಿಯ ಕಾರಿನಲ್ಲಿ ಹೊರಟರು, ಫ್ರೀವೇಯಲ್ಲಿ ಟ್ರಾಫಿಕ್ಕು ಕಾಯಿಸಿತು. ತಲುಪುವಾಗ ಒಂದೂ ಮುಕ್ಕಾಲು. ಪೆನ್ನು ಒಳಗೆ ಬಿಡುವುದಿಲ್ಲ, ಫೋಟೊ ತೆಗೆಯಬಹುದು ಎಂದ ಕಾವಲಿನ ಗುಮಾಸ್ತ, ಪೆಟ್ಟಿಗೆ ಮೇಜಿನ ಮೇಲಿಟ್ಟು ಎದುರಿಗೇ ಕುರ್ಚಿ ಹಾಕಿಕೊಂಡು ಕುಳಿತ.

ಹಾಳೆ ಹೊರಬಂದ ಕೂಡಲೇ ಮೈಥಿಲಿ ಅದರ ಮೇಲೆ ಬಾಗಿದಳು. ಇಡೀ ಹಾಳೆ ನೀಲಿ ಬಾಲ್‌ಪೆನ್ನಿನಲ್ಲಿತ್ತು. ಜನಾಂಗದ ಆ ಮೂರು ಅಕ್ಷರಗಳು ಮಾತ್ರ ಕಪ್ಪು ಸ್ಕೆಚ್‌ಪೆನ್ನಿನವು. ಮೂರು 8ಗಳ ಎಡಸುತ್ತುಗಳೂ ಅದೇ ಕಪ್ಪು.

“ಓ ಮೈ ಗಾಡ್. ಆಂಟಿ!”

“ತಡಿ, ಕುಣಿಬೇಡ. ನೀಲಿ ಅಂಕಿಯನ್ನು ಆಮೇಲೆ ಕಪ್ಪಿನಲ್ಲಿ ತಿದ್ದಿದ್ದು ಅಂತ ಯಾರು ನಂಬುವುದು? ಪೆನ್ನಿನ ಇಂಕು ಮುಗಿದಿತ್ತು ಅಂತಾರೆ.”

ಸ್ನೇಹಲತಾ ಹಾಳೆಯನ್ನು ಬೋರಲು ಹಾಕಿದರು. ಅಂಗಡಿಯಲ್ಲಿ ಅನುಮಾನ ಬಂದ ಚೀಟಿಗೆ ಮಾಡುತ್ತಿದ್ದಂತೆಯೇ ಕಣ್ಣು ಮುಚ್ಚಿ, ಉಂಗುರದ ಬೆರಳಿನ ತುದಿಯನ್ನು ನಿಧಾನವಾಗಿ ಹಿಂಬದಿಯ ಮೇಲೆ ಎಳೆದರು. ಬಾಲ್‌ಪೆನ್ನು ಒತ್ತಿ ಬರೆಯುತ್ತದೆ, ಇಂಕು ಮುಗಿದಿದ್ದರೂ ಹಿಂದೆ ಉಬ್ಬು ಬೀಳುತ್ತದೆ. ಸ್ಕೆಚ್‌ಪೆನ್ನು ಸವರಿ ಹೋಗುತ್ತದೆ, ಏನೂ ಬೀಳುವುದಿಲ್ಲ.

ಅವರ ಬೆರಳು ನಿಂತಿತು.

“ನಿನ್ನ ಕೈ ಕೊಡು. ಇಲ್ಲಿ. ಎಂತ ಸಿಗ್ತದೆ?”

ಮೈಥಿಲಿ ಮುಟ್ಟಿದಳು. ಇನ್ನೊಮ್ಮೆ ಮುಟ್ಟಿದಳು. “ಥ್ರೀ,” ಎಂದಳು, ದನಿ ಕೀರಲಾಗಿ. “ಉಲ್ಟಾ ಥ್ರೀ. ಬರೀ ಥ್ರೀ!”

“ಎಂಟರ ಉಳಿದರ್ಧ?”

“ಇಲ್ಲ! ಇಲ್ವೇ ಇಲ್ಲ!”

ಗುಮಾಸ್ತ ಕುರ್ಚಿ ಮುಂದೆಳೆದುಕೊಂಡ. ಉಳಿದೆರಡು ಅಂಕಿಗಳೂ ಹಾಗೇ ಇದ್ದವು. ಅಂದರೆ ಆ ಮೂವರೂ ಮೊದಲು ಸರ್ಕಾರಕ್ಕೆ ಬೇಕಾದವರೇ ಆಗಿದ್ದರು. ಅಕ್ಷರ ಬರೆದ ಪೆನ್ನೇ ಅವರನ್ನು ಬೇಡದವರನ್ನಾಗಿ ಮಾಡಿತ್ತು. ಸ್ನೇಹಲತಾ ಫೋನಿನ ಟಾರ್ಚನ್ನು ಓರೆಯಾಗಿ ಹಿಡಿದರು, ಉಬ್ಬುಗಳ ನೆರಳು ಬಿತ್ತು, ಮೈಥಿಲಿ ಒಂದೇ ಸಮನೆ ಕ್ಲಿಕ್ಕಿಸಿದಳು. ಎರಡು ಗಂಟೆ ದಾಟಿ ಐದು ನಿಮಿಷವಾದಾಗ ಗುಮಾಸ್ತ ಗಡಿಯಾರ ನೋಡಿದ, ಆದರೆ ಎಬ್ಬಿಸಲಿಲ್ಲ.

ಹಿಂದಿರುಗುವಾಗ ಕಾರಿನಲ್ಲೇ ಸ್ನೇಹಲತಾ ಕಚೇರಿಗೆ ಫೋನು ಮಾಡಿ ತಮ್ಮ ಅಫಿಡವಿಟ್ ಹೇಳಿ ಬರೆಸಿದರು. ಮೂರು ವಾರಗಳ ಹಿಂದೆ ತಾವೇ 8 ಎಂದು ತಪ್ಪಾಗಿ ಟೈಪು ಮಾಡಿದ್ದನ್ನೂ ಸೇರಿಸಿದರು. ಅದು ಬೇಡ ಆಂಟಿ ಎಂದಳು ಮೈಥಿಲಿ. “ಬೇಕು. ಅಂಗಡಿಯಲ್ಲಿ ತಪ್ಪಿದ್ರೂ ಬರೆದೇ ಇಡುವುದು,” ಎಂದರು ಅವರು.

ಅರ್ಜಿಯೊಂದಿಗೆ ಹದಿನಾಲ್ಕು ಫೋಟೊಗಳು ನಾಲ್ಕೂ ನಲವತ್ತೊಂದಕ್ಕೆ ದಾಖಲಾದವು. ಮುಂದಿನ ವಾರ ನ್ಯಾಯಾಧೀಶರು ಮೂಲ ಹಾಳೆಗಳನ್ನು ಪರಿಣತರೊಬ್ಬರಿಂದ ಪರೀಕ್ಷೆ ಮಾಡಿಸಿ ನ್ಯಾಯಾಲಯಕ್ಕೆ ತರಬೇಕೆಂದು ಆದೇಶಿಸಿದರು. ವಿಚಾರಣೆ ನವೆಂಬರ್ ಹನ್ನೆರಡು, ಬೆಳಿಗ್ಗೆ ಒಂಬತ್ತೂವರೆಗೆ. ಕೊಲೆಯಾದ ಅಂಗಡಿಯವರ ಮಗಳಿಗೂ ತಿಳಿಸಲಾಗಿದೆ, ತಾವು ಬರುವುದಾಗಿ ಅವರು ಹೇಳಿದ್ದಾರೆ. ಮೊದಲ ಸಾಕ್ಷಿ ಸ್ನೇಹಲತಾ.