ನೆಟ್ಟಗೆ ಕುಳಿತವಳು

ಶವಾಸನ ಎಂದು ಹೇಳಿದ ಕೂಡಲೇ ಹದಿನಾಲ್ಕು ಹೆಂಗಸರು ಚಾಪೆಯ ಮೇಲೆ ಕೈಕಾಲು ಚೆಲ್ಲಿ ಮಲಗಿದರು. ನಾನೊಬ್ಬಳೇ ಎದ್ದು ಕುಳಿತೆ.

ಬರೀ ಕುಳಿತುಕೊಳ್ಳಲಿಲ್ಲ. ಕಾಲು ಮಡಿಸಿ ಪದ್ಮಾಸನ ಹಾಕಿದೆ, ಬೆನ್ನು ನೆಟ್ಟಗೆ ಮಾಡಿದೆ, ಕಣ್ಣು ಮುಚ್ಚಿದೆ, ಎಡಗೈಯನ್ನು ಬಟ್ಟಲಿನಂತೆ ಮಾಡಿ ಎದೆಯ ಮುಂದೆ ಹಿಡಿದೆ. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಶವ ಎಂಬ ಮಾತು ಕಿವಿಗೆ ಬಿತ್ತು, ಮೈ ತಾನಾಗಿ ಹಾಗೆ ಕುಳಿತುಬಿಟ್ಟಿತು. ಪಕ್ಕದ ಚಾಪೆಯವಳು ಕಿಸಕ್ಕೆಂದಳು. ಅವಳ ನಗು ಆಚೆಯವಳಿಗೆ ಹತ್ತಿ, ಹೆಣಗಳೆಲ್ಲ ಒಂದೊಂದಾಗಿ ಕತ್ತೆತ್ತಿ ನನ್ನನ್ನು ನೋಡಿ ನಗತೊಡಗಿದವು. ನಾನು ಕಣ್ಣು ತೆರೆದೆ, ನಾನು ಹೇಗೆ ಕುಳಿತಿದ್ದೇನೆಂದು ನೋಡಿಕೊಂಡೆ. ಆಮೇಲೆ ಮುಂಬಯಿಯ ದಾದರಿನಲ್ಲಿ ಯೋಗದ ಕ್ಲಾಸು ನಡೆಯುತ್ತಿದ್ದ ಆ ಛತ್ರದ ಮೆಟ್ಟಿಲುಗಳನ್ನು ಹೇಗೆ ಇಳಿದೆನೋ ನೆನಪಿಲ್ಲ. ಮನೆ ಮುಟ್ಟಿದಾಗ ಅಂಗಾಲು ಸುಡುತ್ತಿತ್ತು. ಚಪ್ಪಲಿಯನ್ನು ಅಲ್ಲಿಯೇ ಬಿಟ್ಟು ಬಂದಿದ್ದೆ.

ನಮ್ಮ ಹಿರೇಕೆರೂರು ಸೀಮೆಯವರು ಇದನ್ನು ಓದುತ್ತಿದ್ದರೆ ಅವರಿಗೆ ಇನ್ನೇನೂ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ನಾವು ಲಿಂಗವಂತರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಮೀಯಿಸಿ, ಹಣೆಗೆ ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಬೆನ್ನು ಕೊಟ್ಟು ಪದ್ಮಾಸನದಲ್ಲಿ ಕೂರಿಸಿ, ಎಡಗೈಯಲ್ಲಿ ಲಿಂಗವನ್ನಿಡುತ್ತೇವೆ. ಮಣ್ಣಿಗೂ ಹಾಗೆಯೇ ಇಳಿಸುತ್ತೇವೆ. ಮುಂಬಯಿಯವರಿಗೆ ಹೆಣವೆಂದರೆ ಮಲಗಿದ್ದು. ನನಗೆ ಮಲಗಿದವರೆಂದರೆ ನಿದ್ದೆ ಮಾಡುವವರು ಅಷ್ಟೇ. ಕಣ್ಣು ಮುಚ್ಚಿ ನೆಟ್ಟಗೆ ಕುಳಿತವರನ್ನು ಕಂಡರೆ ಮಾತ್ರ ನನ್ನ ಜೀವ ಹಾರುತ್ತದೆ.

ನಮ್ಮ ಮನೆಯವರು ಮುಂಬಯಿಯ ಪರಳಿನ ಒಂದು ಬಟ್ಟೆ ಗಿರಣಿಯಲ್ಲಿ ಗುಮಾಸ್ತರು. ಅವರು ನೌಕರಿಗೆ ಸೇರಿದಾಗ ನಮ್ಮ ಚಿಕ್ಕೇರೂರೂ ಮುಂಬಯಿ ರಾಜ್ಯದಲ್ಲೇ ಇತ್ತು. ಆಮೇಲೆ ಊರು ಮೈಸೂರು ರಾಜ್ಯಕ್ಕೆ ಹೋಯಿತು, ನೌಕರಿ ಇಲ್ಲಿಯೇ ಉಳಿಯಿತು. ನಾನು ಮಗಳು ನೀಲಾಳೊಂದಿಗೆ ಅತ್ತೆಯ ಮನೆಯಲ್ಲಿದ್ದೆ. ಅವರು ವರ್ಷಕ್ಕೊಮ್ಮೆ ಬಂದು ಹೋಗುತ್ತಿದ್ದರು. ಹೆಂಡತಿಯನ್ನು ಕರೆದೊಯ್ಯಲು ಕೋಣೆ ಸಿಗಲಿ ಎಂದು ಎಂಟು ವರ್ಷ ಕಾದೆವು. ನೀಲಾ ಹೋದ ಎರಡನೆಯ ತಿಂಗಳಿಗೆ ಕೋಣೆ ಸಿಕ್ಕಿತು. ಆ ಕೋಣೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಇಲ್ಲಿನವರು ಅದನ್ನು ಚಾಳ ಎನ್ನುತ್ತಾರೆ. ಉದ್ದಾನೆಯ ಒಂದು ಗ್ಯಾಲರಿ, ಅದರ ಗುಂಟ ಸಾಲಾಗಿ ಕೋಣೆಗಳು, ಕೋಣೆಗೊಂದು ಸಂಸಾರ. ನಾನು ಎರಡೂ ಕೈ ಚಾಚಿದರೆ ಒಂದು ಕೈ ಗೋಡೆಗೆ ತಾಗುತ್ತದೆ, ಇನ್ನೊಂದು ಟ್ರಂಕಿಗೆ. ಊರಿನಲ್ಲಿ ನಮ್ಮ ಆಕಳಿಗೆ ಇದಕ್ಕಿಂತ ದೊಡ್ಡ ಜಾಗವಿತ್ತು. ಅಂಗಡಿಯ ಜೋಳ ಯಾವ ಕಾಲದ್ದೋ, ರೊಟ್ಟಿ ಬಡಿದರೆ ಅಂಚು ಸೀಳುತ್ತದೆ. ಪಕ್ಕದ ಕೋಣೆಯ ಮಾಲತಿಬಾಯಿ ಬೇಳೆಯ ಸಾರಿಗೂ ಬೆಲ್ಲ ಹಾಕಿ, ಪ್ರೀತಿಯಿಂದ ಬಟ್ಟಲು ತುಂಬ ತಂದುಕೊಡುತ್ತಾಳೆ. ಉಂಡು, ಚೆನ್ನಾಗಿದೆ ಎನ್ನುವುದನ್ನು ಕಲಿತೆ. ಮರಾಠಿಯಲ್ಲಿ ನಾನು ಕಲಿತ ಮೊದಲ ಸುಳ್ಳು ಅದು. ಊರ ಕಡೆಯವರು ಯಾರಾದರೂ ಸವಣೂರಿನ ವೀಳ್ಯದೆಲೆ ತಂದರೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ದಿನಕ್ಕೆ ಅರ್ಧ ಎಲೆ ಹಾಕಿಕೊಳ್ಳುತ್ತಿದ್ದೆ.

ಇದನ್ನೆಲ್ಲ ಹೇಗೋ ನುಂಗಿಕೊಂಡೆ. ಉಸಿರನ್ನು ಮಾತ್ರ ನುಂಗಲಾಗಲಿಲ್ಲ. ನೀಲಾ ಹೋದ ದಿನದಿಂದ ಉಸಿರು ಎದೆಯ ನಡುವೆ ಬಂದು ನಿಲ್ಲುತ್ತಿತ್ತು. ಕೊಡ ಎತ್ತಿದರೆ ನಿಲ್ಲುತ್ತಿತ್ತು, ಸುಮ್ಮನೆ ಕುಳಿತರೂ ನಿಲ್ಲುತ್ತಿತ್ತು. ಮುಂಬಯಿಯ ಮಳೆಗಾಲ ಬಂದು ಗೋಡೆಯೆಲ್ಲ ಬೆವರಿದಾಗ ಎರಡು ಸಲ ನೀರಿನ ನಲ್ಲಿಯ ಬಳಿ ಕುಸಿದು ಬಿದ್ದೆ. ಡಾಕ್ಟರರು ಎದೆಗೆ ನಳಿಕೆಯಿಟ್ಟು ಕೇಳಿ, ಒಳಗೆ ದೋಷವೇನೂ ಇಲ್ಲ, ಇವರು ಉಸಿರಾಡುವುದನ್ನೇ ಮರೆತಿದ್ದಾರೆ, ಯಾವುದಾದರೂ ಯೋಗದ ಕ್ಲಾಸಿಗೆ ಸೇರಿಸಿ, ಹೀಗೇ ಬಿಟ್ಟರೆ ಇನ್ನೊಂದು ಮಳೆಗಾಲ ಕಷ್ಟ ಎಂದರು.

ನಮ್ಮ ಮನೆಯವರು ದಾರಿಯುದ್ದಕ್ಕೂ ನಕ್ಕರು, ನನ್ನನ್ನು ನಗಿಸಲೆಂದು. "ಊರಾಗ ಹೆಣ್ಣುಮಕ್ಕಳು ದಿನಾ ಬಗ್ಗಿ ಕಳೆ ತಗೀತಾರ. ಇಲ್ಲಿ ಬಗ್ಗಾಕೂ ಒಬ್ಬ ಮಾಸ್ತರ ಬೇಕು ನೋಡು."

"ನೀವು ಬಗ್ಗಿ ಎಷ್ಟು ವರ್ಷ ಆತ್ರಿ? ಮೊದಲ ನೀವು ಸೇರ್ರಿ," ಎಂದೆ. ನಾನು ನಗಲಿಲ್ಲ.

ಮೊದಲ ಕ್ಲಾಸು ಒಂದು ವ್ಯಾಯಾಮಶಾಲೆಯದು. ಗಂಡಸರ ಬೆವರು, ಎಣ್ಣೆ, ಕೆಮ್ಮಣ್ಣು ನಾರುವ ಗರಡಿ. ಮಂಗಳವಾರ ಮಧ್ಯಾಹ್ನ ಮಾತ್ರ ಹೆಂಗಸರಿಗೆ. ಕಲಿಸುವ ಹೆಂಗಸು ಪೊಲೀಸರ ಪರೇಡಿನಂತೆ ಕೂಗುತ್ತಿದ್ದಳು. ಕೂಗಲಿ, ನಮ್ಮ ಅತ್ತೆಯ ಮುಂದೆ ಅದೆಲ್ಲ ಏನೂ ಅಲ್ಲ. ಆದರೆ ಅರ್ಧ ಗಂಟೆಯಾದ ಮೇಲೆ ಅವಳು "ತಾಠ ಬಸಾ" ಎಂದಳು. ನೆಟ್ಟಗೆ ಕುಳಿತುಕೊಳ್ಳಿ ಎಂದು ಅದರ ಅರ್ಥ. ಎಲ್ಲರೂ ಗೋಡೆಗೆ ಬೆನ್ನು ಕೊಟ್ಟು, ಕಾಲು ಮಡಿಸಿ, ಕಣ್ಣು ಮುಚ್ಚಿದರು. ಹನ್ನೊಂದು ಜನ, ಒಂದೇ ಸಾಲು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಬಂದೆ.

ಎರಡನೆಯದು ಸಮುದ್ರದ ದಂಡೆಯ ದೊಡ್ಡ ಮನೆಯೊಂದರಲ್ಲಿ. ಮನೆಯವರು ತಮ್ಮ ಸಾಹೇಬರ ಕಡೆಯಿಂದ ಹೇಳಿಸಿ ಕಳಿಸಿದರು. ಅಲ್ಲಿ ಮಾಸ್ತರರು ಇಂಗ್ಲಿಷಿನಲ್ಲಿ ಉಸಿರಾಡಿಸುತ್ತಿದ್ದರು. ಬಂದವರೆಲ್ಲ ಪಾಯಿಜಾಮ ತೊಟ್ಟವರು. ನನ್ನ ಇಳಕಲ್ ಸೀರೆಯನ್ನು ಒಬ್ಬಾಕೆ ಮುಟ್ಟಿ ನೋಡಿ, ಕೊಡುತ್ತೀಯಾ ಎಂದಳು. ಅವರಂತೂ ಪದ್ಮಾಸನದಿಂದಲೇ ಶುರುಮಾಡಿದರು. ಐದು ನಿಮಿಷವೂ ನಿಲ್ಲಲಿಲ್ಲ ನಾನು.

"ಅವರು ಏನಂದ್ರು?" ಎಂದು ಮನೆಯವರು ಕೇಳಿದರು.

"ಏನೂ ಅನ್ನಲಿಲ್ಲ. ನನಗ ಹೊಂದಲಿಲ್ಲ."

"ಅಂಗಿ ಹೊಲಿಸಿದಂಗ ಅಂತೀಯಲ್ಲ. ಯೋಗ ಎಲ್ಲಾ ಕಡೆ ಒಂದಽ."

ಹೇಳಬಹುದಿತ್ತು. ಹೇಳಲಿಲ್ಲ. ಏಕೆಂದರೆ ನಮ್ಮ ನೀಲಾ ಕುಳಿತದ್ದನ್ನು ಅವರು ನೋಡಿರಲಿಲ್ಲ. ಸುದ್ದಿಯ ತಾರು ಮುಟ್ಟಿ, ಅವರು ರೈಲು ಹತ್ತಿ, ಪುಣೆಯಲ್ಲಿ ಇಳಿದು ಇನ್ನೊಂದು ರೈಲು ಹಿಡಿದು, ರಾಣೆಬೆನ್ನೂರಿನಿಂದ ಬಸ್ಸಿನಲ್ಲಿ ಬಂದು ಮುಟ್ಟುವಷ್ಟರಲ್ಲಿ ಮೂರನೆಯ ದಿನ. ಅವರಿಗೆ ಸಿಕ್ಕಿದ್ದು ನಮ್ಮ ಹೊಲದ ಬದುವಿನ ಬಳಿ ಒಂದಿಷ್ಟು ಹಸಿ ಮಣ್ಣು. ಅವರು ಏನೂ ಕೇಳಲಿಲ್ಲ, ನಾನು ಏನೂ ಹೇಳಲಿಲ್ಲ. ಆ ಮಾತನ್ನು ನಡುವೆ ಇಟ್ಟುಕೊಂಡೇ ಇಬ್ಬರೂ ಈ ಕೈಯಗಲದ ಕೋಣೆಯಲ್ಲಿ ಸಂಸಾರ ಮಾಡುತ್ತಿದ್ದೆವು.

ನೀಲಾಳಿಗೆ ಹನ್ನೊಂದು ವರ್ಷ. ಅವಳಿಗೆ ನೆಟ್ಟಗೆ ಕುಳಿತು ಗೊತ್ತೇ ಇರಲಿಲ್ಲ. ಉಣ್ಣುವಾಗ ಗೋಡೆಗೆ ಒರಗುತ್ತಿದ್ದಳು, ಓದುವಾಗ ಮೊಣಕಾಲಿಗೆ ಗದ್ದ ಊರಿ ಗೂನು ಬೆನ್ನು ಮಾಡಿಕೊಂಡು ಕೂರುತ್ತಿದ್ದಳು. ನಾನು ರೊಟ್ಟಿ ಬಡಿಯುತ್ತಲೇ ಹಿಟ್ಟಿನ ಕೈಯಿಂದ ಬೆನ್ನಿಗೊಂದು ಕೊಡುತ್ತಿದ್ದೆ. "ನೆಟ್ಟಗ ಕುಂದ್ರು. ಗೂನಿ ಆಗಿ ಹೋಗ್ತಿ, ಯಾರ ಮಾಡಿಕೊಳ್ತಾರ ನಿನ್ನ?" ಅವಳ ಕುಪ್ಪಸದ ಬೆನ್ನ ಮೇಲೆಲ್ಲ ನನ್ನ ಐದು ಬೆರಳು ಬೆಳ್ಳಗೆ ಮೂಡಿರುತ್ತಿದ್ದವು. ಅವಳು ಒಂದು ಗಳಿಗೆ ನೆಟ್ಟಗಾಗಿ, ನಾನು ಅತ್ತ ತಿರುಗಿದ ಕೂಡಲೇ ಮತ್ತೆ ಬಾಗುತ್ತಿದ್ದಳು.

ಸುಗ್ಗಿಯಲ್ಲಿ ಜ್ವರ ಬಂತು. ರಟ್ಟೀಹಳ್ಳಿಯಿಂದ ಡಾಕ್ಟರರನ್ನು ಕರೆಸಿದೆವು. ಹನ್ನೆರಡನೆಯ ದಿನಕ್ಕೆ ಮುಗಿಯಿತು. ಹಿರಿಯರು ಅವಳನ್ನು ಮೀಯಿಸಿ ಪಡಸಾಲೆಯಲ್ಲಿ ಕೂರಿಸಿದರು. ತಲೆ ಬಾಗದಿರಲೆಂದು ಹಣೆಗೆ ಒಂದು ಬಟ್ಟೆ ಸುತ್ತಿ ಗೋಡೆಯ ಗೂಟಕ್ಕೆ ಕಟ್ಟಿದರು. ನೋಡಲು ಬಂದ ಓಣಿಯ ಮುದುಕಿಯೊಬ್ಬಳು ಕಣ್ಣೊರೆಸಿಕೊಳ್ಳುತ್ತ, "ಎಷ್ಟ್ ನೆಟ್ಟಗ ಕುಂತೈತಿ ನೋಡ್ರಿ ಕೂಸು," ಎಂದಳು. ಆಕೆ ಮೆಚ್ಚಿಯೇ ಹೇಳಿದ್ದು. ನಾನು ಆ ಮಾತು ಕೇಳಿದೆ. ನನ್ನ ಉಸಿರು ನಿಂತದ್ದು ಆಗಲೇ.

ಕಮಲಾತಾಈಯವರ ಕ್ಲಾಸನ್ನು ಹುಡುಕಿಕೊಟ್ಟವಳು ಮಾಲತಿಬಾಯಿ. ತಾಈ ಎಂದರೆ ಅಕ್ಕ. ಅರವತ್ತು ದಾಟಿದ ವಿಧವೆ, ಮೆತ್ತಗಿನ ದನಿ, ಯಾರನ್ನೂ ಗದರಿಸದವರು. ನಾನು ಮೊದಲೇ ಹೇಳಿಬಿಟ್ಟೆ, ನನಗೆ ಕೂರಲು ಬರುವುದಿಲ್ಲ, ಮಲಗಿ ಮಾಡುವುದಿದ್ದರೆ ಮಾಡುತ್ತೇನೆ ಎಂದು. ಅವರು ಏಕೆ ಎಂದು ಕೇಳಲಿಲ್ಲ. ಉಳಿದವರು ಕುಳಿತಾಗ ನಾನು ಗೋಡೆಯತ್ತ ಮುಖ ಮಾಡಿ ಮಲಗಿ ಕಾಲೆತ್ತುತ್ತಿದ್ದೆ. ಒಂದು ವಾರ ಸುಖವಾಗಿ ಕಳೆಯಿತು. ಹೊಂದುವ ಕ್ಲಾಸು ಸಿಕ್ಕಿತು ಎಂದು ಮನೆಯವರಿಗೆ ಹೇಳಿಯೂ ಬಿಟ್ಟೆ. ಎಂಟನೆಯ ದಿನ ಅವರು ನಿನಗೆ ಹೊಸದೊಂದು ಕಲಿಸುತ್ತೇನೆ ಎಂದು ಶವಾಸನ ಎಂದರು. ಆಗ ಏನಾಯಿತೆಂದು ಆಗಲೇ ಹೇಳಿದ್ದೇನೆ.

ಮರುದಿನ ಭಾನುವಾರ. ಮನೆಯವರು ಹಾಸಿಗೆಯ ಸುರುಳಿಗೆ ಒರಗಿ ಪತ್ರಿಕೆ ಓದುತ್ತಿದ್ದರು. ಗ್ಯಾಲರಿಯಲ್ಲಿ ಯಾರೋ ನನ್ನ ಹೆಸರು ಕೇಳುತ್ತಿದ್ದರು. ನೋಡಿದರೆ ಕಮಲಾತಾಈ. ಮೂರು ಮಾಳಿಗೆ ಹತ್ತಿ ಏದುತ್ತಿದ್ದರು, ಕೈಯಲ್ಲಿ ಕಾಗದ ಸುತ್ತಿದ ನನ್ನ ಚಪ್ಪಲಿ. ಗುರುವಿನ ಸ್ಥಾನದಲ್ಲಿರುವವರ ಕೈಯಲ್ಲಿ ನನ್ನ ಚಪ್ಪಲಿ ಕಂಡು ನನಗೆ ನೆಲ ಬಿರಿಯಬಾರದೇ ಎನ್ನಿಸಿತು. ಅವರು ಅದನ್ನು ಬಾಗಿಲ ಬಳಿ ಇಟ್ಟು, ಒಳಗೆ ಬಂದು, ನಾವು ನಕ್ಕದ್ದು ತಪ್ಪಾಯಿತು ಎಂದರು.

ನನಗೆ ಇದ್ದ ಮರಾಠಿಯೇ ಎಷ್ಟು? ಅಂಗಡಿಯದು, ನಲ್ಲಿಯದು. ಅದರಲ್ಲೇ ಹೇಳಿದೆ, "ಆಮಚ್ಯಾತ ಮೇಲೇಲಾ ಬಸತೋ." ನಮ್ಮಲ್ಲಿ ಸತ್ತವರು ಕೂರುತ್ತಾರೆ. ಅವರು ಕಣ್ಣು ಮಿಟುಕಿಸದೆ ನೋಡಿದರು. "ಮಾಝೀ ಮುಲಗೀ ಬಸಲೀ," ಎಂದೆ. ನನ್ನ ಮಗಳು ಕುಳಿತಳು. ಮುಂದೆ ಹೇಳಲು ಮಾತಿರಲಿಲ್ಲ, ಇದ್ದರೂ ಉಸಿರಿರಲಿಲ್ಲ. ಪತ್ರಿಕೆಯ ಹಿಂದೆ ಮನೆಯವರು ಹಾಳೆ ತಿರುವುವುದನ್ನು ನಿಲ್ಲಿಸಿದ್ದರು.

ತಾಈ ನನ್ನ ಬೆನ್ನ ಮೇಲೆ ಕೈಯಿಟ್ಟರು. ಹೋಗುವಾಗ, "ನಾಳೆಯಿಂದ ನೀನು ಕೂರಬೇಡ, ಮಲಗಲೂ ಬೇಡ. ಉಭೀ ರಾಹಾ," ಎಂದರು. ನಿಂತುಕೋ ಎಂದು.

ಅವರು ಮೆಟ್ಟಿಲಿಳಿದ ಮೇಲೆ ಮನೆಯವರು ಪತ್ರಿಕೆಯನ್ನು ಮಡಚಿ ಪಕ್ಕಕ್ಕಿಟ್ಟರು. ಬಾಗಿಲನ್ನು ಮುಂದಕ್ಕೆ ಮಾಡಿದರು. ಚಾಳದಲ್ಲಿ ಹಗಲು ಹೊತ್ತು ಯಾರೂ ಬಾಗಿಲು ಹಾಕುವುದಿಲ್ಲ.

"ನೀಲಾ ಹೆಂಗ ಕುಂತಿದ್ಲು?"

"ಎಲ್ಲಾರೂ ಕುಂತಂಗ ಕುಂತಿದ್ಲರಿ."

"ಹಂಗಲ್ಲ." ಅವರು ನನ್ನೆದುರು ಬಂದು ಕುಳಿತರು. "ನಾ ನೋಡಿಲ್ಲ. ಒಂದಽ ಒಂದು ಸರ್ತಿ ತೋರಸು."

ಅವರ ಮೇಲೆ ಎಂಥ ಸಿಟ್ಟು ಬಂತೆಂದರೆ, ಕೈಗೆ ಸಿಕ್ಕ ಲೋಟ ಎತ್ತಿ ಒಗೆಯಬೇಕೆನ್ನಿಸಿತು. ಆಮೇಲೆ ಅವರ ಮುಖ ನೋಡಿದೆ. ಮಗಳಿಗೆಂದು ಪ್ರತಿ ವರ್ಷ ಅಳತೆ ಗೊತ್ತಿಲ್ಲದೆ ಒಂದು ಗೇಣು ದೊಡ್ಡ ಪರಕರ ತರುತ್ತಿದ್ದ ಮನುಷ್ಯ. ನಾನು ಗೋಡೆಗೆ ಬೆನ್ನು ಕೊಟ್ಟು ಕುಳಿತೆ. ಕಾಲು ಮಡಿಸಿದೆ. ಎಡಗೈ ಎದೆಯ ಮುಂದೆ ತಂದೆ. ಕಣ್ಣು ಮುಚ್ಚಿದೆ.

"ಬೆನ್ನು ಇಷ್ಟು ನೆಟ್ಟಗಿತ್ತೇನು?"

"ಹೌದ್ರಿ. ಇಷ್ಟಽ ನೆಟ್ಟಗಿತ್ತು."

"ಅಕಿ ಎಂದೂ ಹಂಗ ಕುಂತಾಕಿ ಅಲ್ಲಲ್ಲ," ಎಂದರು, ಮತ್ತು ಅತ್ತುಬಿಟ್ಟರು. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಅವರ ಅಳು ನಾನು ಕೇಳಿದ್ದು ಅದೇ ಮೊದಲು. ಕಣ್ಣೊರೆಸಲು ಕೈ ಚಾಚಬೇಕೆನ್ನಿಸಿತು. ಆದರೆ ನೀಲಾಳಿಗೆ ಕೈ ಚಾಚಲು ಬರುತ್ತಿರಲಿಲ್ಲವಲ್ಲ. ಅವರು ನೋಡಿ ಮುಗಿಸುವವರೆಗೆ ನಾನು ಕದಲದೆ ಕುಳಿತೆ.

ಬಹಳ ಹೊತ್ತಿನ ಮೇಲೆ ಅವರೆಂದರು, "ನೀ ಉಸಿರಾಡಾಕತ್ತಿ."

ನೋಡಿಕೊಂಡೆ. ಹೊಟ್ಟೆ ಮೇಲೆ ಕೆಳಗೆ ಆಡುತ್ತಿತ್ತು. ಎಲ್ಲಿಯೂ ತಡೆಯದೆ ಆಡುತ್ತಿತ್ತು. ನನಗೆ ಅದರಿಂದ ಸಂತೋಷವಾಗಲಿಲ್ಲ. ಅವಳಂತೆ ಕುಳಿತೂ ಅವಳಂತಾಗಲಿಲ್ಲ ಎಂದು ಆಗ ನಾನು ಅತ್ತೆ.

ಇದಾಗಿ ಐದು ಮಳೆಗಾಲ ಕಳೆದವು. ಈಗಲೂ ಕಮಲಾತಾಈಯವರ ಕ್ಲಾಸಿಗೆ ಹೋಗುತ್ತೇನೆ. ಉಳಿದವರು ಕುಳಿತಾಗ, ಮಲಗಿದಾಗ, ನಾನು ಕಿಟಕಿಯ ಬಳಿ ನಿಂತು ಹೊರಗಿನ ಬಾದಾಮಿ ಮರವನ್ನು ನೋಡುತ್ತ ಉಸಿರು ಎಣಿಸುತ್ತೇನೆ. ತಾಈ ಮರಾಠಿಯಲ್ಲಿ ಎಣಿಸುತ್ತಾರೆ, ನಾನು ಕನ್ನಡದಲ್ಲಿ. ಹೊಸದಾಗಿ ಬಂದವರು ಇವಳೇಕೆ ನಿಂತಿದ್ದಾಳೆ ಎಂದರೆ, ಅವಳ ಆಸನವೇ ಅದು ಎಂದು ಹಳಬರು ಹೇಳುತ್ತಾರೆ. ಸಾರಿನ ಬೆಲ್ಲವೂ ಈಗ ನಾಲಗೆಗೆ ಒಗ್ಗಿದೆ.

ಹೋದ ಬೇಸಿಗೆಯಲ್ಲಿ ಇಬ್ಬರೂ ಚಿಕ್ಕೇರೂರಿಗೆ ಹೋಗಿದ್ದೆವು. ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮುಂಬೈ ನೀರು ಹತ್ತೈತಿ ನಿನಗ. ಎಷ್ಟ್ ಸೆಟದು ನಿಂದರತೀಯವಾ! ಕಾಯಂ ಯಾವಾಗ ಬರ್ತೀರಿ?" ಎಂದರು. ನಾನು ಕೊಡ ಎತ್ತಿಕೊಂಡು ನೀರಿಗೆ ಹೊರಟೆ. ಹೊರಡುವ ದಿನ ನಾನೊಬ್ಬಳೇ ಹೊಲಕ್ಕೆ ಹೋದೆ. ಬದುವಿನ ಬಳಿಯ ಮಣ್ಣು ತಗ್ಗಿ ನೆಲಕ್ಕೆ ಸಮನಾಗಿದೆ, ಗುರುತಿಗೆ ಇಟ್ಟ ಕಲ್ಲೊಂದೇ ಉಳಿದಿದೆ. ಅದರ ಪಕ್ಕದಲ್ಲಿ ಮೊಣಕಾಲಿಗೆ ಗದ್ದ ಊರಿ, ಬೆನ್ನು ಬಾಗಿಸಿ, ಅವಳು ಓದುವಾಗ ಕೂರುತ್ತಿದ್ದಂತೆ ಕುಳಿತೆ. ಬೆನ್ನ ಮೇಲೆ ಹಿಟ್ಟಿನ ಕೈಯಿಂದ ಹೊಡೆಯುವವರು ಯಾರೂ ಇರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಮನೆಯವರು ಬಂದು ಕರೆಯುವವರೆಗೆ ಹಾಗೆಯೇ ಗೂನು ಹಾಕಿಕೊಂಡು ಕುಳಿತಿದ್ದೆ.