ಬ್ರೆಡ್ಡಿಗೆ ಅಂಟದ ಕಪ್ಪು

ಬೆಳಗಿನ ಐದೂವರೆ. ಅಗ್ನೆಸ್‌ಳ ಹೊಟ್ಟೆಯೊಳಗೆ ಭುಜದವರೆಗೂ ಕೈ ತೂರಿಸಿ, ಕಣ್ಣು ಮುಚ್ಚಿಕೊಂಡು ನಿಂತಿದ್ದಾರೆ ವರ್ನೆಲ್ ಟಿಪ್ಟನ್. ಗಾಬರಿ ಬೇಡ, ಅಗ್ನೆಸ್ ಹೆಂಗಸಲ್ಲ. ಹಳೆಯ ಗ್ಯಾಸ್ ಟ್ಯಾಂಕ್ ಸೀಳಿ ಮಾಡಿದ, ಹೊಗೆಯಲ್ಲಿ ಮಾಂಸ ಬೇಯಿಸುವ ಕಬ್ಬಿಣದ ಒಲೆ. ಟೆಕ್ಸಸ್‌ನ ನಮ್ಮೂರಲ್ಲಿ, ಲಾಯಲ್ ಕ್ರೆನೆಕ್ ಅವರ ಬಾರ್ಬೆಕ್ಯೂ ಅಂಗಡಿಯ ಹಿತ್ತಲಲ್ಲಿ ನಲವತ್ತು ವರ್ಷದಿಂದ ಕೂತಿದೆ. ಆರುತ್ತಿರುವ ಓಕ್ ಕಟ್ಟಿಗೆಯ ಕೆಂಡದ ಹೊಗೆ ಮಂಜಿನೊಳಗೆ ಕರಗುತ್ತಿದೆ. ಹೊಗೆ ಎಲ್ಲಿ ಮುಗಿಯಿತು, ಬೆಳಗು ಎಲ್ಲಿ ಶುರುವಾಯಿತು ಎಂದು ನನಗಂತೂ ತಿಳಿಯುತ್ತಿಲ್ಲ.

"ಒಳಗೆ ಎರಡು ಥರದ ಕಪ್ಪು ಇರತ್ತೆ," ಅನ್ನುತ್ತಾರೆ ವರ್ನೆಲ್, ಕಣ್ಣು ತೆರೆಯದೆ. "ಒಂದು ಮಸಿ. ಉಗುರು ತಾಗಿದ್ರೆ ಉದುರತ್ತೆ, ಅದನ್ನ ಕೆರೀಬೇಕು. ಇನ್ನೊಂದು ಕೊಬ್ಬು ಕಾದು ಕಾದು ಕಬ್ಬಿಣಕ್ಕೆ ಕೂತಿರೋದು. ಅದು ಇವಳ ಚರ್ಮ. ಮುಟ್ಟಬಾರದು. ಕಣ್ಣಿಗೆ ಎರಡೂ ಒಂದೇ, ಬೆರಳಿಗೆ ಮಾತ್ರ ಬೇರೆ."

ಈ ಹೆಣ್ಣುಮಗಳಿಗೀಗ ಅರವತ್ತೊಂದು. ಕೆಲಸಕ್ಕಿದ್ದ ಲಾಂಡ್ರಿ ಮುಚ್ಚಿದ ಮೇಲೆ ಇಪ್ಪತ್ತೆರಡು ವರ್ಷದಿಂದ ಇಂಥ ಒಲೆಗಳನ್ನು ಶುಚಿ ಮಾಡುವುದೇ ಬದುಕು: ವಾರಕ್ಕೆ ಆರು ಅಂಗಡಿ, ಮಾಂಸ ಇಡುವ ನಲವತ್ತೊಂದು ಜಾಲರಿ. ಮೊಣಕೈ ತನಕ ಸುಟ್ಟ ಗೆರೆಗಳು. ಎಷ್ಟು ಉಜ್ಜಿದರೂ ಕೂದಲಿನ ಹೊಗೆವಾಸನೆ ಹೋಗುವುದಿಲ್ಲ. ಭಾನುವಾರ ಚರ್ಚಿನಲ್ಲಿ ಇವರು ಕೂತ ಸಾಲಿನವರಿಗೆಲ್ಲ ಪಾದ್ರಿ ಮಾತು ಮುಗಿಸುವ ಮೊದಲೇ ಹಸಿವಾಗುತ್ತದಂತೆ. ಅಂಗಡಿ ಮುಚ್ಚಿದ ದಿನವೇ ಇವರ ಕೆಲಸ. ಹಾಗಾಗಿ ಈ ಊರಿನಲ್ಲಿ ಮಧ್ಯಾಹ್ನ ಮೇಜಿಗೆ ಕೂತು ಬಾರ್ಬೆಕ್ಯೂ ತಿನ್ನದವರು ಬಹುಶಃ ಇವರೊಬ್ಬರೇ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ. ನಾನು ಅಲ್ಲಿ ಎಷ್ಟು ಸಲ ತಿಂದಿಲ್ಲ!

ಈಸ್ಟರ್ ವಾರದಲ್ಲಿ ವರ್ನೆಲ್ ತಂಗಿಯ ಮನೆಗೆ ಹೋಗಿದ್ದಾಗ ಎಡವಟ್ಟಾಯಿತು. ಅವರು ಬರುವಷ್ಟರಲ್ಲಿ ಒಲೆ ಫಳಫಳ ಅನ್ನಲಿ ಎಂದು ಲಾಯಲ್, ರಭಸವಾಗಿ ನೀರು ಚಿಮ್ಮಿಸಿ ದೋಣಿ ತೊಳೆಯುವ ಪಂಪು ತಂದು, ಸೋಪು ಹಾಕಿ ಒಳಗೆಲ್ಲ ತೊಳೆದುಬಿಟ್ಟರು. ನಲವತ್ತು ವರ್ಷದ ಕಪ್ಪು ಚರಂಡಿಗೆ ಹೋಯಿತು. ಮರುದಿನ ಬೆಳಗ್ಗೆ ಅಗ್ನೆಸ್ ಮೈತುಂಬ ಕೆಂಪು ತುಕ್ಕು. ಆ ವಾರದ ಮಾಂಸ ಕಬ್ಬಿಣ ನೆಕ್ಕಿದ ಹಾಗಿತ್ತು. ಖಾಯಂ ಗಿರಾಕಿಗಳು ತಟ್ಟೆ ಸರಿಸಿ ಎದ್ದುಹೋದರು. ಮುಖಭಂಗವಾದ ಲಾಯಲ್ ಒಲೆಯನ್ನು ಗುಜರಿಗೆ ಹಾಕಿ, ತೊಳೆಯುವ ತಂಟೆಯಿಲ್ಲದ ಕರೆಂಟಿನದು ತರುತ್ತೇನೆಂದು ಹಟ ಹಿಡಿದರು.

"ನನ್ನ ಇಪ್ಪತ್ತೆರಡು ವರ್ಷವೂ ಆ ಚರಂಡಿಗೇ ಹೋಯ್ತಲ್ಲ ಅನಿಸ್ತು," ಅನ್ನುತ್ತಾರೆ ವರ್ನೆಲ್. ಆದರೂ ಬೈಯಲಿಲ್ಲ. ಒಂಬತ್ತು ದಿನ ಕೊಡು ಎಂದಷ್ಟೇ ಕೇಳಿದರು.

ಮೊದಲ ದಿನವಿಡೀ ತುಕ್ಕು ಉಜ್ಜಿದರು. ಆಮೇಲೆ ದಿನವೂ ಒಂದೇ ಕ್ರಮ: ಕಬ್ಬಿಣ ಬೆಚ್ಚಗೆ ಮಾಡಿ, ಕೊಬ್ಬು ಸವರಿ, ಸವರಿದ್ದೇ ಸುಳ್ಳು ಅನ್ನಿಸುವಷ್ಟು ಒರೆಸಿ, ನಾಲ್ಕು ತಾಸು ಓಕ್ ಬೆಂಕಿ. ದಪ್ಪಗೆ ಸವರಿದರೆ ಬೇಗ ಆಗುವುದಿಲ್ಲವೇ ಎಂದು ಕೇಳಿದೆ. "ಅಂಟಂಟಾಗಿ ಕೂರತ್ತೆ. ಇವಳಿಗೆ ಅವಸರ ಆಗಲ್ಲ," ಅಂದರು. ಬೆಂಕಿ ಉರಿಯುವಾಗ ಮಡಿಚುವ ಕುರ್ಚಿಯಲ್ಲಿ ಕೂತು ಹೊಗೆ ನೋಡುತ್ತಾರೆ. ಪಕ್ಕದಲ್ಲಿ ಕೂತ ನನಗೂ ಗಂಟೆ ಸರಿದದ್ದು ಗೊತ್ತಾಗಲಿಲ್ಲ.

ಇವತ್ತು ಒಂಬತ್ತನೇ ದಿನ. ಎಂಟಕ್ಕೆ ಗುಜರಿಯವನ ಲಾರಿ ಬರುವುದಿದೆ. ಲಾಯಲ್ ಕಾಫಿ ಲೋಟ ಹಿಡಿದು ಬಂದು ನಿಲ್ಲುತ್ತಾರೆ. ವರ್ನೆಲ್ ಕೈ ಹೊರಗೆಳೆದು, ಒರೆಸಿಕೊಂಡು, ಪೊಟ್ಟಣದಿಂದ ಒಂದು ಬಿಳಿ ಬ್ರೆಡ್ಡಿನ ಹೋಳು ತೆಗೆಯುತ್ತಾರೆ. ಇನ್ನೂ ಬೆಚ್ಚಗಿರುವ ಜಾಲರಿಯ ಮೇಲಿಟ್ಟು ಅಂಗೈಯಿಂದ ಒತ್ತುತ್ತಾರೆ. ಕಪ್ಪೋ ಕೆಂಪೋ ಹತ್ತಿದರೆ ಅಗ್ನೆಸ್ ಕಥೆ ಮುಗಿದಂತೆ.

ಎತ್ತುತ್ತಾರೆ. ಬ್ರೆಡ್ಡಿನಲ್ಲಿ ಕಂಬಿಗಳ ಅಚ್ಚು ಇದೆ, ಬಣ್ಣವಿಲ್ಲ. ಲಾಯಲ್ ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, ಬಾಯಿಗೆ ಹಾಕಿಕೊಳ್ಳುತ್ತಾರೆ.

"ಏನು ರುಚಿ?" ಕೇಳುತ್ತಾರೆ ವರ್ನೆಲ್.

"ಏನೂ ಇಲ್ಲ. ಬರೀ ಬ್ರೆಡ್ಡು, ಒಂಚೂರು ಹೊಗೆ."

"ಅದೇ ಕಣಪ್ಪಾ. ತಿನ್ನೋರ ಬಾಯಿಗೆ ನಾನು ಸಿಗಬಾರದು."

ಲಾಯಲ್ ಅಲ್ಲೇ ನಿಂತು ಗುಜರಿಯವನಿಗೆ ಫೋನ್ ಮಾಡಿ ಬರಬೇಡ ಅನ್ನುತ್ತಾರೆ. ಆಮೇಲೆ ನೆಲ ನೋಡುತ್ತ, "ಶನಿವಾರ ಮಧ್ಯಾಹ್ನ ಊಟಕ್ಕೆ ಬನ್ನಿ, ಮಿಸ್ ವರ್ನೆಲ್. ಮುಂಬಾಗಿಲಿಂದ," ಅನ್ನುತ್ತಾರೆ.

ವರ್ನೆಲ್ ಅಗ್ನೆಸ್‌ಳ ಮುಚ್ಚಳ ಮೆಲ್ಲಗೆ ಇಳಿಸುತ್ತಾರೆ.

"ಬರ್ತೀನಿ. ಹಿತ್ತಲ ಕಿಟಕಿ ಹತ್ರದ ಮೇಜು ಇಟ್ಟಿರು. ಇವಳು ಮಾಂಸ ಬೇಯಿಸೋದನ್ನ ನಾನು ಯಾವತ್ತೂ ನೋಡೇ ಇಲ್ಲ."